ತೊಂಬತ್ತು ಸಾವಿರದ ಗೇಮಿಂಗ್ ಪಿಸಿ: ಕೊಟೇಶನ್‌ನಿಂದ ಅರ್ಥಿಂಗ್‌ವರೆಗೆ

ಈ ಪಿಸಿ ಜೋಡಿಸಿ ಮುಗಿದು ಇವತ್ತಿಗೆ ನಾಲ್ಕು ದಿನ. ಮೊದಲ ಕೊಟೇಶನ್ ಬರೆಸಿದ್ದು 2025ರ ಜುಲೈ ಮೊದಲ ವಾರ, ಕೊನೆಯ ಸ್ಕ್ರೂ ಬಿಗಿದದ್ದು ಆಗಸ್ಟ್ ಎರಡನೇ ವಾರ. ಅಷ್ಟು ದಿನ ಹಿಡಿಯುವ ಕೆಲಸವೇ ಅಲ್ಲ ಇದು, ಮೊದಲೇ ಗೊತ್ತಿದ್ದರೆ ಹತ್ತು ದಿನ ಸಾಕಿತ್ತು. ಮಿಕ್ಕ ದಿನಗಳು ಎಲ್ಲಿ ಹೋದವು, ದುಡ್ಡು ಎಲ್ಲಿ ಸೋರಿತು ಅನ್ನುವುದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಬೆಲೆಗಳೆಲ್ಲ ಆ ವಾರಗಳವು, ಜಿಎಸ್‌ಟಿ ಸೇರಿದವು. ರ್‍ಯಾಮ್ ಮತ್ತು ಎಸ್‌ಎಸ್‌ಡಿ ಬೆಲೆ ಒಂದೆರಡು ತಿಂಗಳಲ್ಲೇ ಏರಿಳಿಯುತ್ತದೆ, ಹಾಗಾಗಿ ನೀವು ಹೋಗುವ ದಿನದ ಬೆಲೆ ನೋಡಿಕೊಂಡೇ ಹೊರಡಿ.

ಇಟ್ಟುಕೊಂಡ ಮಿತಿ 90,000 ರೂಪಾಯಿ, ಕ್ಯಾಬಿನೆಟ್ ಮತ್ತು ಅದರೊಳಗಿನ ಸಾಮಾನಿಗೆ ಮಾತ್ರ. ಮಾನಿಟರ್, ಕೀಬೋರ್ಡ್, ಮೌಸ್ ಹಳೆಯವೇ. ಬಜೆಟ್ ಅಂದರೆ ಇವೂ ಸೇರಿಯೋ ಸೇರದೆಯೋ ಅನ್ನುವುದನ್ನು ಮೊದಲ ದಿನವೇ ಬರೆದುಕೊಳ್ಳಿ. ಅಂಗಡಿಯಲ್ಲಿ ಕೂತಾಗ ಅದು ಹಿಗ್ಗುತ್ತದೆ. ಪ್ರತಿಯೊಂದು ಸಾಮಾನಿಗೂ ಒಂದು ಮಾತು ಕೇಳಿಬರುತ್ತದೆ: "ಇನ್ನೆರಡು ಸಾವಿರ ಹಾಕಿದ್ರೆ ಅದಕ್ಕಿಂತ ಒಳ್ಳೇದು ಬರುತ್ತೆ ಸಾರ್." ಆ ಮಾತು ಸುಳ್ಳಲ್ಲ, ನಿಜವಾಗಿಯೂ ಒಳ್ಳೆಯದೇ ಬರುತ್ತದೆ. ಆದರೆ ಏಳು ಸಾಮಾನಿಗೂ ಎರಡೆರಡು ಸಾವಿರ ಅಂದರೆ ಹದಿನಾಲ್ಕು ಸಾವಿರ. ಅಷ್ಟನ್ನು ಒಟ್ಟಿಗೆ ಗ್ರಾಫಿಕ್ಸ್ ಕಾರ್ಡಿಗೆ ಹಾಕಿದ್ದರೆ ಒಂದು ದರ್ಜೆ ಮೇಲಿನ ಕಾರ್ಡೇ ಬರುತ್ತಿತ್ತು. ಎಲ್ಲಿ ಆ ಎರಡು ಸಾವಿರಕ್ಕೆ ಹೂಂ ಅನ್ನಬೇಕು, ಎಲ್ಲಿ ಬೇಡ ಅನ್ನಬೇಕು ಅನ್ನುವುದೇ ಈ ಇಡೀ ಕೆಲಸ.

ಆಯ್ಕೆ ಶುರುವಾಗಬೇಕಾದದ್ದು ಮಾನಿಟರಿನಿಂದ. ಸದ್ಯ ಇರುವುದು 24 ಇಂಚಿನ 1080ಪಿ ಪರದೆ, ಮುಂದಿನ ವರ್ಷ 27 ಇಂಚಿನ 1440ಪಿ ತರುವ ಯೋಚನೆ. 1080ಪಿಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್, 1440ಪಿಯಲ್ಲಿ ಸುಮಾರು 37 ಲಕ್ಷ. ಕಾರ್ಡಿನ ಮೇಲಿನ ಹೊರೆ ಒಂದೂಮುಕ್ಕಾಲು ಪಟ್ಟು ಆಗುತ್ತದೆ, ಪ್ರೊಸೆಸರ್ ಮೇಲಿನ ಹೊರೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವ್ಯಾಲೊರಂಟ್, ಸಿಎಸ್2 ತರಹದ ಗುಂಡು ಹಾರಿಸುವ ಆಟಗಳನ್ನೇ 240 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 240 ಚಿತ್ರ ತೋರಿಸುವ ಪರದೆಯಲ್ಲಿ, ಆಡುವವರ ಲೆಕ್ಕ ಇದಕ್ಕೆ ತದ್ವಿರುದ್ಧ, ಅವರು ಪ್ರೊಸೆಸರಿಗೆ ಹೆಚ್ಚು ಹಾಕಬೇಕು. ಕಥೆಯಿರುವ ದೊಡ್ಡ ಆಟಗಳನ್ನು ಆಡುವವರು ಕಾರ್ಡಿಗೆ ಹಾಕಬೇಕು. ಈ ಪಿಸಿ ಎರಡನೆಯ ಬಗೆಯದು, ಹಾಗಾಗಿ ಒಟ್ಟು ಹಣದಲ್ಲಿ ಶೇ. 40ರಷ್ಟು ಕಾರ್ಡಿಗೇ ಎಂದು ಮೊದಲೇ ಎತ್ತಿಟ್ಟಾಯಿತು.

ಆ ಹಣದ ಆಸುಪಾಸಿನಲ್ಲಿ ಉಳಿದವು ಎರಡು. 8 ಜಿಬಿ ಮೆಮೊರಿಯ ಎನ್‌ವಿಡಿಯಾ ಆರ್‌ಟಿಎಕ್ಸ್ 5060, ಸುಮಾರು 31,000. 16 ಜಿಬಿಯ ಎಎಂಡಿ ಆರ್‌ಎಕ್ಸ್ 9060 ಎಕ್ಸ್‌ಟಿ, ಸುಮಾರು 38,000. ಇಲ್ಲಿ ಏಳು ಸಾವಿರದ ಅಂತರ, ಒಂದು ವಾರ ತಲೆ ತಿಂದದ್ದು ಇದೇ. ಈಚಿನ ಆಟಗಳಲ್ಲಿ ಟೆಕ್ಸ್ಚರ್ ಅನ್ನು, ಅಂದರೆ ವಸ್ತುಗಳ ಮೈಮೇಲಿನ ಚಿತ್ರವನ್ನು, ಅಲ್ಟ್ರಾಗೆ ಇಟ್ಟರೆ 8 ಜಿಬಿ 1080ಪಿಯಲ್ಲೇ ತುಂಬಿಬಿಡುವುದುಂಟು. ತುಂಬಿದಾಗ ಕಾರ್ಡು ಮದರ್‌ಬೋರ್ಡಿನ ರ್‍ಯಾಮಿನಿಂದ ಡೇಟಾ ತರಿಸಿಕೊಳ್ಳಬೇಕು, ಆಗ ಸರಾಸರಿ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರ) ಚೆನ್ನಾಗಿಯೇ ಕಂಡರೂ ನಡುನಡುವೆ ಆಟ ತಡವರಿಸುತ್ತದೆ. ಕೆಲವು ಆಟಗಳು ತಡವರಿಸದೆ ಸದ್ದಿಲ್ಲದೆ ಟೆಕ್ಸ್ಚರ್ ಮಬ್ಬು ಮಾಡಿಬಿಡುತ್ತವೆ. 1440ಪಿ ಮಾನಿಟರ್ ತರುವ ಯೋಚನೆ ಇದ್ದದ್ದರಿಂದ 16 ಜಿಬಿಯೇ ಆಯಿತು.

ಹಾಗೆಂದು ಎಲ್ಲರಿಗೂ ಇದೇ ಸರಿ ಎಂದಲ್ಲ. ಬ್ಲೆಂಡರ್, ಎಐ ಮಾಡೆಲ್, ವಿಡಿಯೊ ಕೆಲಸವೂ ಇದೆ ಅನ್ನುವವರಿಗೆ ಅಂಥ ತಂತ್ರಾಂಶಗಳು ಬಳಸಿಕೊಳ್ಳುವ ಕ್ಯೂಡಾ ಇರುವ ಎನ್‌ವಿಡಿಯಾ ಕಾರ್ಡೇ ಹೆಚ್ಚು ಅನುಕೂಲ. ಕಡಿಮೆ ಪಿಕ್ಸೆಲ್ಲಿನ ಚಿತ್ರವನ್ನು ಹಿಗ್ಗಿಸಿ ಫ್ರೇಮ್ ಹೆಚ್ಚಿಸುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಸಿಗುವ ಆಟಗಳೂ ಎಎಂಡಿಯ ಅಂಥದೇ ಎಫ್‌ಎಸ್‌ಆರ್ 4 ಸಿಗುವ ಆಟಗಳಿಗಿಂತ ಹೆಚ್ಚು. ಹಳೆಯ ಬೋರ್ಡಿಗೆ ಹೊಸ ಕಾರ್ಡು ಹಾಕುವವರು ಇನ್ನೊಂದು ನೋಡಬೇಕು: 5060 ಬಳಸುವುದು ಎಂಟೇ ಲೇನ್, ಅಂದರೆ ಬೋರ್ಡಿಗೂ ಕಾರ್ಡಿಗೂ ನಡುವೆ ಡೇಟಾ ಓಡಾಡುವ ದಾರಿ. ಬೋರ್ಡು ಬಿ450ರಂತಹ, ಆ ದಾರಿ ನಿಧಾನವಿರುವ ಹಳೆಯ ಪಿಸಿಐಇ 3.0ದ್ದಾಗಿದ್ದರೆ ಮೆಮೊರಿ ತುಂಬಿದ ಹೊತ್ತಿನಲ್ಲಿ ಪೆಟ್ಟು ಜೋರಾಗಿ ಬೀಳುತ್ತದೆ. 9060 ಎಕ್ಸ್‌ಟಿಗೆ ಹದಿನಾರೂ ಲೇನ್ ಇವೆ.

ಕಾರ್ಡು ನಿಂತ ಮೇಲೆ ಪ್ರೊಸೆಸರ್. ಎಎಂಡಿಯ ಎಎಂ4 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್ 5 5600, ಬಿ550 ಬೋರ್ಡು, ಡಿಡಿಆರ್4 ರ್‍ಯಾಮ್ ತೆಗೆದುಕೊಂಡರೆ ಹದಿನೈದು ಸಾವಿರದ ಹತ್ತಿರ ಉಳಿಯುತ್ತಿತ್ತು. 60–65 ಸಾವಿರದೊಳಗೆ ಮುಗಿಸಬೇಕೆನ್ನುವವರು ಆ ಬೆಲೆಗಳಲ್ಲಿ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಬಹುದಿತ್ತು. ಆದರೆ ಆ ಸಾಕೆಟ್ಟಿನ ದಾರಿ ಅಲ್ಲಿಗೆ ಮುಗಿಯಿತು. ಅದರ ನಂತರದ ಎಎಂ5ಕ್ಕೆ 2027 ಮತ್ತು ಅದರಾಚೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆಂದು ಎಎಂಡಿ ಹೇಳಿದೆ. ನಾಲ್ಕು ವರ್ಷ ಬಿಟ್ಟು ಬೋರ್ಡು, ರ್‍ಯಾಮ್ ಮುಟ್ಟದೆ ಪ್ರೊಸೆಸರ್ ಒಂದನ್ನೇ ಬದಲಾಯಿಸಬಹುದು ಅನ್ನುವುದಕ್ಕಾಗಿ ಎಎಂ5, ಅದರಲ್ಲಿ ರೈಜನ್ 5 7600. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್, ಬಾಕ್ಸಿನಲ್ಲೇ ಫ್ಯಾನ್. 17,900.

ಎರಡು ಸಾವಿರದ ಮಾತು ಇಲ್ಲಿ ತಲೆಕೆಳಗಾಗಿ ಬಂತು. "7500ಎಫ್ ತಗೊಳ್ಳಿ, ಆಟಕ್ಕೆ ಎರಡೂ ಒಂದೇ, ಎರಡು ಸಾವಿರ ಉಳಿಯುತ್ತೆ" ಎಂದರು. ಆಟದ ಮಟ್ಟಿಗೆ ಆ ಮಾತು ಸರಿಯೇ. ವ್ಯತ್ಯಾಸ ಇರುವುದು 7600ರೊಳಗಿನ ಪುಟ್ಟ ಗ್ರಾಫಿಕ್ಸ್‌ನಲ್ಲಿ. ಅದರಲ್ಲಿ ಆಟ ಆಡಲಾಗದು, ಆದರೆ ಪರದೆ ಬರುತ್ತದೆ. ಕಾರ್ಡು ಕೆಟ್ಟು ವಾರಂಟಿಗೆ ಹೋದರೆ ವಾಪಸ್ ಬರಲು ವಾರಗಳೇ ಹಿಡಿಯುತ್ತವೆ, ಅಷ್ಟು ದಿನ ಎಫ್ ಪ್ರೊಸೆಸರಿನ ಪಿಸಿ ಬರೀ ಡಬ್ಬ. ತೊಂದರೆ ಕಾರ್ಡಿನದೋ ಬೋರ್ಡಿನದೋ ಎಂದು ಮನೆಯಲ್ಲೇ ಪತ್ತೆ ಮಾಡಲೂ ಇದು ಬೇಕು. ಇಲ್ಲಿ ಹೆಚ್ಚಿನ ಎರಡು ಸಾವಿರಕ್ಕೆ ಹೂಂ ಅಂದದ್ದು ಎಷ್ಟು ಒಳ್ಳೆಯದಾಯಿತು ಎಂದು ಹದಿನೈದೇ ದಿನದಲ್ಲಿ ಗೊತ್ತಾಯಿತು.

ಪ್ರೊಸೆಸರ್ ವಿಷಯದಲ್ಲಿ ಇನ್ನೊಂದು. ಸೀಲ್ ಇರುವ ಬಾಕ್ಸೇ ಕೇಳಿ. ಟ್ರೇ ಪ್ರೊಸೆಸರ್ ಎಂದು ಬರೀ ಪ್ಲಾಸ್ಟಿಕ್ ಕವರಿನಲ್ಲಿ ಒಂದೆರಡು ಸಾವಿರ ಕಡಿಮೆಗೆ ಕೊಡುತ್ತಾರೆ. ಅದಕ್ಕೆ ಎಎಂಡಿಯ ಮೂರು ವರ್ಷದ ವಾರಂಟಿ ಇರುವುದಿಲ್ಲ, ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದ್ದಷ್ಟೇ.

ಬೋರ್ಡು ಬಿ650ಎಂ, 12,400. ಬಿ850 ತೆಗೆದುಕೊಳ್ಳಿ, ಹೊಸದು ಎಂದು ಮೂರು ಕಡೆ ಹೇಳಿದರು. ಈ ಪ್ರೊಸೆಸರ್ ಪೂರ್ತಿ ದುಡಿದರೂ ಎಳೆಯುವುದು 88 ವ್ಯಾಟ್, ಅದಕ್ಕೆ ಸಾಧಾರಣ ಬಿ650 ಧಾರಾಳ. ಬೇಡ ಅಂದೆ. ನೋಡಿದ್ದು ಇಷ್ಟೇ: ವಿದ್ಯುತ್ ಬರುವ ವಿಆರ್‌ಎಂ ಮೇಲೆ ಹೀಟ್‌ಸಿಂಕ್, ಎಸ್‌ಎಸ್‌ಡಿ ಕೂರಿಸಲು ಎರಡು ಎಂ.2 ಸ್ಲಾಟ್, ಹಿಂದುಗಡೆ ಬಯೋಸ್ (ಪಿಸಿ ಹೊತ್ತಿದ ಕೂಡಲೇ ಓಡುವ, ಬೋರ್ಡಿನದೇ ತಂತ್ರಾಂಶ) ಫ್ಲ್ಯಾಶ್‌ಬ್ಯಾಕ್ ಗುಂಡಿ. ಆ ಗುಂಡಿ ಇದ್ದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಹಾಕಬಹುದು, ಮುಂದೆ ಹೊಸ ಪ್ರೊಸೆಸರ್ ತಂದಾಗ ಅದು ಬೇಕಾಗುತ್ತದೆ. ಪಿಸಿ ಇಡುವ ಜಾಗಕ್ಕೆ ಲ್ಯಾನ್ ಕೇಬಲ್ ಎಳೆಯಬಹುದಾದರೆ ವೈಫೈ ಇರುವ ಬೋರ್ಡಿಗೆ ಹೆಚ್ಚುವರಿ ಕೊಡಬೇಡಿ.

ರ್‍ಯಾಮ್ 32 ಜಿಬಿ, 16ರ ಎರಡು ಕಡ್ಡಿ, ಡಿಡಿಆರ್5, ವೇಗ 6000, ಸಿಎಲ್36 (ಈ ಅಂಕಿ ಕಡಿಮೆಯಿದ್ದಷ್ಟೂ ತಡ ಕಡಿಮೆ). 8,700. ಸಿಎಲ್30ಕ್ಕೆ ಇನ್ನೂ ಒಂದೂವರೆ ಸಾವಿರ, ಬೇಡ. ಎಸ್‌ಎಸ್‌ಡಿ 1 ಟಿಬಿ, ಜೆನ್4 ಎನ್‌ವಿಎಂಇ, 5,500. ಒಳಗಿನ ಚಿಪ್ಪು ನಿಧಾನದ ಕ್ಯೂಎಲ್‌ಸಿ ಅಲ್ಲ, ಟಿಎಲ್‌ಸಿ ಎಂದು ಖಾತರಿ ಮಾಡಿಕೊಂಡರೆ ಸಾಕು. ಇವೆರಡರಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಎಸ್‌ಎಂಪಿಎಸ್‌ಗೆ, ಅಂದರೆ ಗೋಡೆಯ ಕರೆಂಟನ್ನು ಪಿಸಿಗೆ ತಕ್ಕಂತೆ ಇಳಿಸಿಕೊಡುವ ಡಬ್ಬಕ್ಕೆ. ಕೊಟೇಶನ್ ಹಾಳೆಯಲ್ಲಿ ಇದೊಂದು ಸಾಲು ಮಾತ್ರ ಯಾವಾಗಲೂ ಬೋಳಾಗಿರುತ್ತದೆ: "650 ವ್ಯಾಟ್ ಎಸ್‌ಎಂಪಿಎಸ್ – 1". ಕಂಪನಿಯಿಲ್ಲ, ಮಾಡೆಲ್ ಇಲ್ಲ. ಮಿಕ್ಕೆಲ್ಲದರಲ್ಲಿ ಚೌಕಾಸಿ ಮಾಡಿಸಿಕೊಂಡ ಹಣವನ್ನು ಅಂಗಡಿ ಇಲ್ಲಿ ವಾಪಸ್ ಪಡೆಯುತ್ತದೆ. ಒಂದು ಅಂಗಡಿಯಲ್ಲಿ ಅದನ್ನು ತೆಗೆಸಿ, ಡಬ್ಬದ ಪಕ್ಕದಲ್ಲಿ ಅಂಟಿಸಿರುವ ಚೀಟಿ ಓದಿದೆ. ಆ ಚೀಟಿಯಲ್ಲಿ +3.3ವಿ, +5ವಿ, +12ವಿ ಎಂದು ಕಾಲಮ್ಮುಗಳಿರುತ್ತವೆ, ಕೆಳಗೆ ಆಂಪಿಯರ್. ಪ್ರೊಸೆಸರ್, ಕಾರ್ಡು ಎರಡೂ ಉಣ್ಣುವುದು 12 ವೋಲ್ಟಿನಿಂದಲೇ, ಹಾಗಾಗಿ ಆ ಕಾಲಮ್ಮಿನ ಆಂಪಿಯರನ್ನು 12ರಿಂದ ಗುಣಿಸಬೇಕು. ಅಲ್ಲಿದ್ದದ್ದು 38. 38ನ್ನು 12ರಿಂದ ಗುಣಿಸಿದರೆ 456 ವ್ಯಾಟ್. ಹೊರಗೆ ದಪ್ಪಕ್ಷರದಲ್ಲಿ 650, ಒಳಗೆ ಕೆಲಸಕ್ಕೆ ಬರುವುದು 456. ಕೊನೆಗೆ ತಂದ ಎಸ್‌ಎಂಪಿಎಸ್ ಚೀಟಿಯಲ್ಲಿ 54 ಆಂಪಿಯರ್ ಇದೆ, ಅಂದರೆ 648 ವ್ಯಾಟ್. ಐದು ವರ್ಷ ವಾರಂಟಿ, 5,900. ಮೊದಲು ಹೇಳಿದ್ದಕ್ಕಿಂತ ಎರಡು ಸಾವಿರ ಹೆಚ್ಚು, ಒಂದು ಮಾತೂ ಆಡದೆ ಕೊಟ್ಟೆ. ಇದು ಕೆಟ್ಟರೆ ತಾನೊಂದೇ ಸಾಯುವುದಿಲ್ಲ, ಬೋರ್ಡು ಕಾರ್ಡುಗಳನ್ನೂ ಜೊತೆಗೆ ಕರೆದೊಯ್ಯಬಹುದು.

ಇಷ್ಟು ವ್ಯಾಟ್ ಬೇಕೇ ಎಂದರೆ, ಬೇಕಿಲ್ಲ. ಪ್ರೊಸೆಸರಿಗೆ 88, ಕಾರ್ಡಿಗೆ 160ರಿಂದ 180, ಮಿಕ್ಕದ್ದಕ್ಕೆ 50–60, ಒಟ್ಟು 330 ದಾಟುವುದಿಲ್ಲ. ಒಳ್ಳೆಯ 550 ವ್ಯಾಟ್ ಸಾಕಾಗುತ್ತಿತ್ತು, ಮುಂದಿನ ಕಾರ್ಡಿಗಿರಲಿ ಎಂದು 650. ಒಂದು ಎಚ್ಚರ: 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಗುರುತು ಎಷ್ಟು ಕರೆಂಟು ಪೋಲಾಗುತ್ತದೆ ಅನ್ನುವುದರ ಲೆಕ್ಕ ಮಾತ್ರ, ಒಳಗಿನ ಸಾಮಾನು ಒಳ್ಳೆಯದು ಎಂಬ ಸರ್ಟಿಫಿಕೇಟ್ ಅಲ್ಲ.

ಕ್ಯಾಬಿನೆಟ್ಟಿಗೆ 4,300. ಮುಂದೆ ಗಾಜಲ್ಲ, ಜಾಲರಿ ಇರಬೇಕು. ಮೂರು ಫ್ಯಾನ್ ಜೊತೆಗೇ ಬಂದಿರಬೇಕು. ಕಾರ್ಡಿನ ಉದ್ದ ಮಿಲಿಮೀಟರಿನಲ್ಲಿ ನೋಡಿ ಹೊಂದಿಸಿಕೊಳ್ಳಿ. ದಾವಣಗೆರೆ, ಬಳ್ಳಾರಿ ಕಡೆಯ ಧೂಳಿಗೆ ತೆಗೆದು ತೊಳೆಯಬಹುದಾದ ಫಿಲ್ಟರ್ ಇರುವುದನ್ನೇ ಆರಿಸಿ.

ಖರೀದಿಗೆ ಹೋದದ್ದು ಬೆಂಗಳೂರಿನ ಎಸ್‌.ಪಿ. ರೋಡಿಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ. ಮೆಟ್ರೊದಲ್ಲಿ ಚಿಕ್ಕಪೇಟೆಗೆ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಬಹುತೇಕ ಬಾಗಿಲು ಹಾಕಿರುತ್ತವೆ, ಶನಿವಾರ ಕಾಲಿಡಲು ಜಾಗವಿರುವುದಿಲ್ಲ. ವಾರದ ನಡುವಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಮಾತಾಡಲು ಅವರಿಗೂ ಪುರಸೊತ್ತು. ಮೊದಲ ದಿನ ಕೊಳ್ಳಲೇಬೇಡಿ. ಒಂದೇ ಪಟ್ಟಿ ಹಿಡಿದು ನಾಲ್ಕು ಅಂಗಡಿಯಲ್ಲಿ ಕೊಟೇಶನ್ ಬರೆಸಿ, ಪ್ರತಿ ಸಾಲಿಗೂ ಪೂರ್ತಿ ಮಾಡೆಲ್ ಹೆಸರು ಹಾಕಿಸಿ. ನಾಲ್ಕರ ನಡುವೆ ಬಂದ ಅಂತರ 5,600 ರೂಪಾಯಿ. ಅತಿ ಕಡಿಮೆ ಹೇಳಿದ ಅಂಗಡಿಯಲ್ಲಿ ಬಾಕ್ಸ್ ತೆಗೆಸಿದಾಗ ರ್‍ಯಾಮ್ 32 ಜಿಬಿಯದೇ, ಆದರೆ ಒಂದೇ ಕಡ್ಡಿ. "ಅದೂ ಇದೂ ಒಂದೇ ಸಾರ್" ಎಂದರು. ಒಂದಲ್ಲ. ಒಂದು ಕಡ್ಡಿಯಾದರೆ ಒಂದೇ ಚಾನೆಲ್, ಪ್ರೊಸೆಸರಿಗೆ ಮೆಮೊರಿ ತಲುಪುವ ದಾರಿ ಅರ್ಧಕ್ಕರ್ಧ ಕಿರಿದಾಗುತ್ತದೆ, ಆಟದಲ್ಲಿ ಅದು ಎದ್ದು ಕಾಣುತ್ತದೆ. ಅಲ್ಲಿಂದ ಎದ್ದು ಬಂದದ್ದಾಯಿತು.

ಬಿಲ್ಲಿನ ಮಾತು. "ಬಿಲ್ ಬೇಡ ಅಂದ್ರೆ ಇನ್ನೂ ಕಡಿಮೆ ಆಗುತ್ತೆ" ಅನ್ನುವ ಕಡೆ ದಯವಿಟ್ಟು ಕೊಳ್ಳಬೇಡಿ. ಕಂಪ್ಯೂಟರ್ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ. 18, ಆ ಉಳಿತಾಯ ಆಸೆ ಹುಟ್ಟಿಸುವುದು ನಿಜ. ಆದರೆ ಮುಂದೆ ಕಾರ್ಡು ಕೆಟ್ಟು, ಅದನ್ನು ಹಿಡಿದು ಸರ್ವಿಸ್ ಸೆಂಟರ್ ಬಾಗಿಲಿಗೆ ಹೋದಾಗ ಕೇಳುವುದು ಎರಡೇ: ಬಿಲ್ಲು, ಸೀರಿಯಲ್ ನಂಬರ್. ನನಗೆ ಮೊದಲು ಕೊಟ್ಟ ಬಿಲ್ಲಿನಲ್ಲಿ ಸೀರಿಯಲ್ ನಂಬರುಗಳೇ ಇರಲಿಲ್ಲ. ಕೇಳಿದ ಮೇಲೆ ಬಾಕ್ಸಿನ ಬಾರ್‌ಕೋಡುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಮತ್ತೆ ಪ್ರಿಂಟ್ ಕೊಟ್ಟರು, ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಕೂತೇ ಬನ್ನಿ. ಥರ್ಮಲ್ ಪ್ರಿಂಟಿನ ಬಿಲ್ಲಾದರೆ ವರ್ಷದಲ್ಲಿ ಅಕ್ಷರ ಅಳಿಸಿಹೋಗುತ್ತದೆ, ಅಲ್ಲೇ ಫೋಟೊ ತೆಗೆದು ನಿಮಗೇ ಮೇಲ್ ಕಳಿಸಿಕೊಳ್ಳಿ. ಮಂಗಳೂರು, ಉಡುಪಿ, ಕಾರವಾರದವರಿಗೆ ಒಂದು ಮಾತು: ಬೋರ್ಡಿನ ಮೇಲೆ ತುಕ್ಕು, ಹಸಿರು ಕಿಲುಬು ಕಂಡರೆ ವಾರಂಟಿ ತಿರಸ್ಕರಿಸುವುದುಂಟು. ಕಿಟಕಿಯ ಪಕ್ಕ, ಉಪ್ಪುಗಾಳಿಗೆ ಪಿಸಿ ಇಡಬೇಡಿ.

ಅಂದು ಆರು ಸಾಮಾನು ಸಿಕ್ಕವು, ಕಾರ್ಡು ಸಿಗಲಿಲ್ಲ. ಎರಡು ದಿನದಲ್ಲಿ ಬರುತ್ತದೆ ಎಂದರು, ಬಂದದ್ದು ಹನ್ನೊಂದನೆಯ ದಿನ. ಮುಂಗಡ ಕೊಟ್ಟರೆ ರಸೀದಿಯ ಮೇಲೆ ಮಾಡೆಲ್, ಒಪ್ಪಿದ ಬೆಲೆ ಎರಡೂ ಬರೆಸಿಕೊಳ್ಳಿ. ಆ ಹನ್ನೊಂದು ದಿನದಲ್ಲಿ ಅದೇ ಕಾರ್ಡಿನ ಬೆಲೆ 1,500 ಏರಿತ್ತು. ರಸೀದಿಯಲ್ಲಿ 37,800 ಎಂದು ಇದ್ದದ್ದರಿಂದ ಅಷ್ಟಕ್ಕೇ ಕೊಟ್ಟರು.

ಅಂಗಡಿಯಲ್ಲೇ ಜೋಡಿಸಿಕೊಡುತ್ತಿದ್ದರು, ದಾವಣಗೆರೆಗೆ ಬಸ್ಸಿನಲ್ಲಿ ಹೋಗಬೇಕಾದ್ದರಿಂದ ಬಾಕ್ಸುಗಳನ್ನೇ ತಂದದ್ದು. ಜೋಡಿಸಿದ ಪಿಸಿ ಸಾಗಿಸುವವರು ಕಾರ್ಡನ್ನು ಸ್ಲಾಟಿನಿಂದ ಬಿಚ್ಚಿ ಅದರ ಬಾಕ್ಸಿನಲ್ಲೇ ಒಯ್ಯಿರಿ. ಒಂದು ಹಂಪು ಜೋರಾಗಿ ಹಾರಿದರೂ ಕಾರ್ಡಿನ ಭಾರಕ್ಕೆ ಸ್ಲಾಟು ಬಿರಿಯಬಹುದು.

ಜೋಡಣೆಗೆ ಬೇಕಾದದ್ದು ಆಯಸ್ಕಾಂತದ ತುದಿಯ ಒಂದು ನಕ್ಷತ್ರ ಸ್ಕ್ರೂಡ್ರೈವರ್, ದೊಡ್ಡ ಟೇಬಲ್, ಮೂರು ಗಂಟೆ. ಎಎಂ5ರಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನಲ್ಲಲ್ಲ, ಸಾಕೆಟ್ಟಿನಲ್ಲಿ. ಕೂದಲಿಗಿಂತ ಸ್ವಲ್ಪ ದಪ್ಪ, ಸಾಲುಸಾಲಾಗಿ ಒಂದೇ ಕಡೆ ಬಾಗಿ ನಿಂತಿರುತ್ತವೆ. ಓರೆ ಬೆಳಕಿನಲ್ಲಿ ನೋಡಿದರೆ ಗಾಳಿಗೆ ಬಾಗಿದ ರಾಗಿ ಪೈರಿನ ಹಾಗೆ. ಒಂದು ಸಾಲು ಎಲ್ಲಿಯಾದರೂ ಮುರಿದಂತೆ ಕಂಡರೆ ಮುಂದುವರಿಯಬೇಡಿ, ಫೋಟೊ ತೆಗೆದು ಅಂದೇ ಅಂಗಡಿಗೆ ತಿಳಿಸಿ. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು, ಮೂಲೆಯ ತ್ರಿಕೋನ ಹೊಂದಿಸಿ, ಸುಮ್ಮನೆ ಇಡಬೇಕು, ಒತ್ತಬಾರದು. ಸರಳು ಕೆಳಗೆ ತಂದಾಗ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನೇ ಚಿಮ್ಮಿ ಹೊರಬರುತ್ತದೆ. ಅದನ್ನು ಎಸೆಯಬೇಡಿ, ಬೋರ್ಡು ವಾರಂಟಿಗೆ ಕಳಿಸುವಾಗ ಆ ಮುಚ್ಚಳ ಹಾಕಿ ಕಳಿಸಬೇಕು.

ರ್‍ಯಾಮ್ ಎರಡೇ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟು. ಎಂ.2 ಹೀಟ್‌ಸಿಂಕಿನ ಕೆಳಗಿರುವ ತೆಳು ಪ್ಲಾಸ್ಟಿಕ್ ಪೊರೆ ಕೀಳಲು ಮರೆತರೆ ಎಸ್‌ಎಸ್‌ಡಿಗೆ ಕಂಬಳಿ ಹೊದಿಸಿದಂತೆ. 7600ರ ಜೊತೆ ಬರುವ ಫ್ಯಾನಿಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂ ಇವೆ. ಬೋರ್ಡಿನ ಮೇಲೆ ಸಾಕೆಟ್ಟಿನ ಎರಡೂ ಬದಿ ಕಪ್ಪು ಪ್ಲಾಸ್ಟಿಕ್ ಬ್ರಾಕೆಟ್ಟುಗಳಿರುತ್ತವೆ, ಮೊದಲು ಅವನ್ನು ಬಿಚ್ಚಬೇಕು. ಬಿಚ್ಚದೆ ಫ್ಯಾನು ಕೂರುವುದೇ ಇಲ್ಲ. ಇಪ್ಪತ್ತು ನಿಮಿಷ ಒದ್ದಾಡಿದ್ದು ಇಲ್ಲೇ. ಫ್ಯಾನಿನ ಅಡಿಯಲ್ಲಿ ಪೇಸ್ಟ್ ಮೊದಲೇ ಹಚ್ಚಿರುತ್ತದೆ, ಬೆರಳು ತಾಗಿಸಬೇಡಿ. ಎದುರುಬದುರು ಮೂಲೆಗಳನ್ನು ಎರಡೆರಡು ಸುತ್ತು ಬಿಗಿಯುತ್ತಾ ಹೋಗಿ. ಬೇರೆ ಟವರ್ ಕೂಲರ್ ಹಾಕಿದರೆ ಸದ್ದು ಕಡಿಮೆ, ಆದರೆ ಅದೂ ಎರಡು ಸಾವಿರದ ಮಾತೇ. ಸದ್ಯಕ್ಕೆ ಬೇಡ.

ಬೋರ್ಡನ್ನು ಕ್ಯಾಬಿನೆಟ್ಟಿಗೆ ಇಳಿಸುವ ಮೊದಲು ಅದನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡಾಫುಗಳು ಬೋರ್ಡಿನ ತೂತಿಗೆ ಸರಿಯಾಗಿವೆಯೇ ನೋಡಿ. ದೊಡ್ಡ ಬೋರ್ಡಿಗೆಂದು ಹಾಕಿಬಂದದ್ದು ಸಣ್ಣ ಬೋರ್ಡಿನ ಅಡಿಯಲ್ಲಿ ಉಳಿದರೆ ಶಾರ್ಟ್ ಆಗುತ್ತದೆ. ಈ ಕ್ಯಾಬಿನೆಟ್ಟಿನಲ್ಲಿ ಹಾಗೆ ಒಂದು ಇತ್ತು. ಸಿಪಿಯು ಎಂದು ಬರೆದಿರುವ 4+4 ಪಿನ್ನಿನ ಕೇಬಲನ್ನು ಮೇಲಿನ ಎಡ ಮೂಲೆಯ ಕಿಂಡಿಯಿಂದ ಮೊದಲೇ ತೂರಿಸಿಡಿ, ಆಮೇಲೆ ಕೈ ಹೋಗುವುದಿಲ್ಲ. ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಅದರೊಂದಿಗೆ ಬಂದ ಕೇಬಲ್ ಮಾತ್ರ ಬಳಸಿ. ಬೇರೆಯದರ ತುದಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್‌ಗಳು ಸುಟ್ಟುಹೋಗುವುದು ಹೀಗೆಯೇ.

ಮೊದಲ ಸಲ ಪವರ್ ಒತ್ತಿದ್ದು ರಾತ್ರಿ ಒಂಬತ್ತೂವರೆಗೆ, ಕಾರ್ಡಿಲ್ಲದೆ, ಎಚ್‌ಡಿಎಂಐ ಬೋರ್ಡಿಗೇ ಹಾಕಿ. ಫ್ಯಾನ್‌ಗಳು ತಿರುಗಿದವು. ಪರದೆ ಕಪ್ಪು. ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿವೆ: ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್. ಅದರಲ್ಲಿ ಡಿರ್‍ಯಾಮ್ ಎಂಬುದು ಹಳದಿಯಾಗಿ ಹೊತ್ತಿ ಹಾಗೇ ನಿಂತಿತು. ಒಂದು ನಿಮಿಷ, ಎರಡು ನಿಮಿಷ. ಮೂರನೆಯ ನಿಮಿಷಕ್ಕೆ ತಾನಾಗಿ ಆರಿ ಮತ್ತೆ ಹೊತ್ತಿತು. ಎದೆ ಡವಡವ ಅನ್ನತೊಡಗಿತು, ಕೈ ಸ್ವಿಚ್ಚಿನ ಹತ್ತಿರ ಹೋಗಿತ್ತು. ದಯವಿಟ್ಟು ಆಗ ಆರಿಸಬೇಡಿ. ಡಿಡಿಆರ್5 ಮೊದಲ ಬಾರಿ ಹೊತ್ತಿದಾಗ ಬೋರ್ಡು ಪ್ರತಿ ಕಡ್ಡಿಯ ಸಮಯ, ವೋಲ್ಟೇಜು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಎಎಂ5ರಲ್ಲಿ ಇದಕ್ಕೆ ಹಲವು ನಿಮಿಷ ಬೇಕು, ನಡುವೆ ಆರಿಸಿದರೆ ಮೊದಲಿನಿಂದ ಶುರು. ಇಲ್ಲಿ ಏಳನೆಯ ನಿಮಿಷಕ್ಕೆ ಪರದೆ ಬಂತು. ಕಾಲು ಗಂಟೆ ಕಳೆದರೂ ಬರದಿದ್ದರೆ ಮಾತ್ರ ಒಂದೇ ಕಡ್ಡಿ ಬಿಟ್ಟು ನೋಡಿ.

ಪರದೆ ಬಂದ ಕೂಡಲೇ ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋದರೆ ರ್‍ಯಾಮ್ 4800ಕ್ಕೆ ಓಡುತ್ತಿರುತ್ತದೆ. 6000ಕ್ಕೆ ದುಡ್ಡು ಕೊಟ್ಟು ವರ್ಷಗಟ್ಟಲೆ 4800ರಲ್ಲೇ ಆಡುತ್ತಿರುವವರು ಬಹಳ. ಕಡ್ಡಿಗಳನ್ನು ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಪೊ ಎಂಬುದನ್ನು ಆನ್ ಮಾಡಿ ಉಳಿಸಿ. ಮತ್ತೆ ಒಂದು ಸುತ್ತು ಕಾಯಬೇಕು. ಅಲ್ಲೇ ಸುರಕ್ಷತೆಯ ಸೆಟ್ಟಿಂಗುಗಳಾದ ಸೆಕ್ಯೂರ್ ಬೂಟ್, ಎಫ್‌ಟಿಪಿಎಂ ಎರಡೂ ಆನ್ ಇವೆಯೇ ನೋಡಿಕೊಳ್ಳಿ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಇವಿಲ್ಲದೆ ತೆರೆಯುವುದಿಲ್ಲ.

ವಿಂಡೋಸ್ ಹಾಕುವಾಗ ಅರ್ಧದಲ್ಲಿ ಇಂಟರ್ನೆಟ್ ಕೇಳಿ ನಿಂತಿತು. ಬೋರ್ಡಿನ ಲ್ಯಾನ್ ಡ್ರೈವರ್ ಅದರಲ್ಲಿ ಇರಲಿಲ್ಲ. ಮೊಬೈಲನ್ನು ಯುಎಸ್‌ಬಿಗೆ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದಾಗ ಮುಂದೆ ಹೋಯಿತು. ಲ್ಯಾನ್ ಡ್ರೈವರನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡರೂ ಆದೀತು.

ಕಾರ್ಡು ಬರುವವರೆಗೆ ಪಿಸಿ 7600ರೊಳಗಿನ ಗ್ರಾಫಿಕ್ಸ್ ಮೇಲೇ ನಡೆಯಿತು. ಅಪ್ಡೇಟುಗಳು, ಡ್ರೈವರುಗಳು, ನೂರಾರು ಜಿಬಿಯ ಆಟಗಳ ಡೌನ್‌ಲೋಡು, ಎಲ್ಲ ಆ ದಿನಗಳಲ್ಲೇ ಮುಗಿದವು. ರ್‍ಯಾಮ್, ಎಸ್‌ಎಸ್‌ಡಿ ಸರಿಯಿವೆ ಎಂದೂ ಖಾತರಿಯಾಯಿತು. 7500ಎಫ್ ತಂದಿದ್ದರೆ ಹನ್ನೊಂದು ದಿನ ಕಪ್ಪು ಪರದೆ ನೋಡಿಕೊಂಡು, ತಪ್ಪು ಯಾವುದರದೆಂದೂ ತಿಳಿಯದೆ ಕೂರಬೇಕಿತ್ತು.

ಕಾರ್ಡು ಕೊರಿಯರ್‌ನಲ್ಲಿ ಬಂತು. ಪೊಟ್ಟಣದ ಆರೂ ಮುಖ ತೋರಿಸಿ, ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ಬಿಚ್ಚಿ, ಸೀರಿಯಲ್ ನಂಬರ್ ಬಿಲ್ಲಿಗೆ ತಾಳೆ ನೋಡಿ. ಕೂರಿಸಿದ ಮೇಲೆ 6+2 ಪಿನ್ನಿನ ಕೇಬಲ್ ಟಕ್ ಎನ್ನುವವರೆಗೆ ಒತ್ತಬೇಕು. ಮಾನಿಟರ್ ಕೇಬಲನ್ನು ಬೋರ್ಡಿನಿಂದ ಕಿತ್ತು ಕಾರ್ಡಿಗೆ ಹಾಕಬೇಕು. ಇದೊಂದನ್ನು ಮರೆತು "ಕಾರ್ಡು ವೇಗವೇ ಇಲ್ಲ" ಎಂದು ಅಂಗಡಿಗೆ ಫೋನು ಮಾಡುವವರು ಎಷ್ಟೋ ಜನ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ಕೂಡ ಕೈಯಾರೆ ಏರಿಸಬೇಕು, ಬಹಳ ಸಲ 60ರಲ್ಲೇ ನಿಂತಿರುತ್ತದೆ. ಅಂಗಡಿಯ ಬದಲಿ ಕೊಡುವ ಗಡುವು ಏಳು ದಿನವಾದರೆ ಅಷ್ಟರೊಳಗೆ ಕಾರ್ಡನ್ನು ಚೆನ್ನಾಗಿ ದುಡಿಸಿ ನೋಡಿ: ಅರ್ಧ ಗಂಟೆ ಭಾರದ ಆಟ, ಫ್ಯಾನಿನಲ್ಲಿ ಕಟಕಟ ಸದ್ದು ಉಂಟೋ, ಪರದೆಯಲ್ಲಿ ಚುಕ್ಕಿ ಗೆರೆ ಉಂಟೋ ಎಂದು.

ಲೆಕ್ಕ: ಪ್ರೊಸೆಸರ್ 17,900, ಬೋರ್ಡು 12,400, ರ್‍ಯಾಮ್ 8,700, ಎಸ್‌ಎಸ್‌ಡಿ 5,500, ಎಸ್‌ಎಂಪಿಎಸ್ 5,900, ಕ್ಯಾಬಿನೆಟ್ 4,300, ಕಾರ್ಡು 37,800. ಒಟ್ಟು 92,500. ಮಿತಿಗಿಂತ ಎರಡೂವರೆ ಸಾವಿರ ಹೆಚ್ಚು. ಪಟ್ಟಿಯಲ್ಲಿ ಇಲ್ಲದೆ ಬಂದದ್ದು ಕೊರಿಯರ್ 250, ಸ್ಪೈಕ್ ಗಾರ್ಡ್ 900, ಕೆಳಗೆ ಹೇಳುವ ಕೆಲಸಕ್ಕೆ 1,200. ವಿಂಡೋಸ್ ಲೈಸೆನ್ಸ್ ಹಳೆಯ ಪಿಸಿಯದೇ ಬಂತು. ಇಲ್ಲದವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯುಪಿಎಸ್ ಮುಂದಕ್ಕೆ ಹೋಯಿತು. ಅಂಗಡಿಯಲ್ಲಿ ಜೊತೆಗೆ ಕೊಡುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟಿನದು. ಆಟದ ಮಧ್ಯೆ ಕರೆಂಟು ಹೋದರೆ ಪಿಸಿ, ಮಾನಿಟರ್ ಎರಡರ ಹೊರೆಗೆ ಕಿರುಚಿಕೊಂಡು ಆರುತ್ತದೆ. ತರುವುದಾದರೆ 1 ಕೆವಿಎ ತನ್ನಿ. ಮನೆಯಲ್ಲಿ ಸೈನ್ ವೇವ್ ಇನ್ವರ್ಟರ್ ಇದ್ದರೆ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ಚು ಇದೆಯೇ ನೋಡಿ. ಆ ಮೋಡ್‌ನಲ್ಲಿ ಬದಲಾವಣೆ ಬೇಗ ಆಗುವುದರಿಂದ ಸಾಮಾನ್ಯವಾಗಿ ಪಿಸಿ ಆರುವುದಿಲ್ಲ.

ಕೊನೆಯ ತೊಡಕು ಪಿಸಿಯದಲ್ಲ, ಗೋಡೆಯದು. ಎಲ್ಲ ಮುಗಿದ ರಾತ್ರಿ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳಿನಲ್ಲಿ ಜುಂ ಎನ್ನುತ್ತಿತ್ತು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನು ಲೋಹದ ಮೈಗೆ ಬಿಡುತ್ತದೆ, ಅದು ಅರ್ಥ್ ತಂತಿಯಲ್ಲಿ ಹರಿದುಹೋಗಬೇಕು. ಅರ್ಥ್ ಇಲ್ಲದಿದ್ದರೆ ಮುಟ್ಟಿದವರ ಮೂಲಕ ಹರಿಯುತ್ತದೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ಗು ಇದ್ದರೂ ಮೇಲಿನ ತೂತಿಗೆ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟಾಗ ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ ಬರಬೇಕಾದಲ್ಲಿ 90 ತೋರಿಸಿತು. ಗೋಡೆಯ ಸ್ವಿಚ್‌ಬೋರ್ಡು ಬಿಚ್ಚಿದರೆ ಹಸಿರು ತಂತಿ ತುಂಡಾಗಿ ಗೋಡೆಯೊಳಗೇ ಉಳಿದಿತ್ತು. ಮೀಟರ್ ಬೋರ್ಡಿನಿಂದ ಹೊಸ ತಂತಿ ಎಳೆದು, 1,200 ತೆಗೆದುಕೊಂಡು ಹೋದರು. ಈಗ ಫೇಸ್–ಅರ್ಥ್ 231, ನ್ಯೂಟ್ರಲ್–ಅರ್ಥ್ 2 ವೋಲ್ಟು. ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟರೂ ಫ್ಯಾನಿನ ಸಣ್ಣ ಅದುರು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ.